ಕಾಫಿ ರೆಂಬೆಯ ಕ್ರಿಸ್‌ಮಸ್ ಮರ: ಕಡ್ಡಿ ಬೀಳೋದು ಯಾಕೆ, ಪುಡಿ ಉದುರೋದು ಯಾಕೆ?

ಪ್ರಶ್ನೆ: ನನ್ನೂರು ಮೂಡಿಗೆರೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಕಳೆದ ಡಿಸೆಂಬರಿನಲ್ಲಿ ತೋಟದಿಂದ ಕಾಫಿ ಗಿಡದ ರೆಂಬೆ ಕಡಿದು ತಂದು, ಆಫೀಸ್ ಮೇಜಿಗೆ ಒಂದು ಪುಟ್ಟ ಕ್ರಿಸ್‌ಮಸ್ ಮರ ಮಾಡಿದ್ದೆ. ಕಡ್ಡಿಗಳನ್ನೆಲ್ಲ ಅಂಟು ಹಾಕಿ ಕೂರಿಸಿದ್ದೆ. ಜನವರಿ ಹೊತ್ತಿಗೆ ನಾಲ್ಕು ಕಡ್ಡಿ ಬಿದ್ದವು. ತಳಕ್ಕಿಟ್ಟ ದುಂಡನೆ ಬಿಲ್ಲೆ ಸೀಳಿತು. ಆಮೇಲೆ ಮೇಜಿನ ಮೇಲೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಅಂಟು ಬದಲಾಯಿಸಬೇಕಾ? ನನ್ನ ಹತ್ತಿರ ಒಂದು ಗರಗಸ, ಒಂದು ಡ್ರಿಲ್ ಬಿಟ್ಟರೆ ಬೇರೇನಿಲ್ಲ.

ಉತ್ತರ: ಅಂಟಿನದು ತಪ್ಪಿಲ್ಲ. ನೀವು ತಂದದ್ದು ಹಸಿ ರೆಂಬೆ. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಆಫೀಸಿನ ಏಸಿ ಗಾಳಿಯಲ್ಲಿ ಇನ್ನೂ ಬೇಗ. ಅದೂ ಅಲ್ಲದೆ ದುಂಡನೆಯ ಎರಡು ಕಡ್ಡಿ ಒಂದಕ್ಕೊಂದು ತಾಗುವುದು ಕೂದಲೆಳೆಯಷ್ಟು ಜಾಗದಲ್ಲಿ. ಅಷ್ಟಕ್ಕೆ ಯಾವ ಅಂಟು ನಿಂತೀತು?

ಬಿಲ್ಲೆ ಸೀಳಿದ್ದಕ್ಕೂ ಇದೇ ಕಾರಣ. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಒಳಗಿನ ಉಂಗುರಗಳ ಸುತ್ತಳತೆಯಲ್ಲಿ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಹಸಿ ಬಿಲ್ಲೆ ಅಂಚಿನಿಂದ ನಡುವಿಗೆ ಸೀಳುತ್ತದೆ. ತಳಕ್ಕೆ ಬಿಲ್ಲೆ ಬೇಡ. ಒಣಗಿದ ಸಿಲ್ವರ್ ಓಕ್ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಚಪ್ಪಟೆ ಮೈ ಕೆಳಗೆ, ತೊಗಟೆ ಮೇಲೆ ಬರುವಂತೆ ಇಡಿ. ನೋಡಲೂ ಚೆಂದ.

ಇನ್ನು ಆ ಪುಡಿ. ಅದು ಕುಟ್ಟೆ ಹುಳುವಿನ ಕೆಲಸ. ಮರದ ಹೊರಭಾಗದಲ್ಲಿರುವ ಪಿಷ್ಟ ಅದಕ್ಕೆ ಊಟ. ಮರಿಹುಳು ಒಳಗೇ ತಿಂದು ಬೆಳೆದು, ತೂತು ಕೊರೆದು ಹೊರಗೆ ಬರುತ್ತದೆ. ಆ ಹಳೇ ಮರ ಇನ್ನೂ ಇದ್ದರೆ ದಯವಿಟ್ಟು ಸುಟ್ಟುಬಿಡಿ, ಮನೆಯ ಬೇರೆ ಮರದ ಸಾಮಾನಿಗೂ ಹುಳು ಹತ್ತೀತು.

ಈ ಸಲ ಹೊಸದಾಗಿ ಕಡಿಯಬೇಡಿ. ಕೊಯ್ಲು ಮುಗಿದ ಮೇಲೆ ಊರಲ್ಲಿ ಗಿಡ ಕಸಿ ಮಾಡುತ್ತಾರಲ್ವಾ, ಅಂದರೆ ಬೇಡದ ರೆಂಬೆ ಸವರುತ್ತಾರಲ್ವಾ? ಆಗ ಕತ್ತರಿಸಿ ಸೌದೆ ಕೊಟ್ಟಿಗೆಗೆ ಹಾಕಿದ ರೆಂಬೆ ಮಳೆಗಾಲ ದಾಟಿ ಚೆನ್ನಾಗಿ ಒಣಗಿರುತ್ತದೆ. ಬೆರಳು ದಪ್ಪದ್ದನ್ನು ಆರಿಸಿ. ತೂತಿರುವುದನ್ನು, ಕಾಂಡಕೊರಕ ಹಿಡಿದ ಗಿಡದ್ದನ್ನು ಮುಟ್ಟಬೇಡಿ. ಒಣಗಿದೆಯೋ ಇಲ್ಲವೋ ಅನುಮಾನವೇ? ಅಡುಗೆಮನೆಯ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಎಂದರ್ಥ.

ಹುಳುವಿಗೆ ಮದ್ದು ಬಿಸಿ. ಬೇರೆ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳನ್ನು ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಕಾಯಿಸಿ 30 ನಿಮಿಷ ಇಡುವ ಅಂತರರಾಷ್ಟ್ರೀಯ ನಿಯಮವೇ ಇದೆ. ನಿಮ್ಮ ಸಣ್ಣ ಕಡ್ಡಿಗಳಿಗೆ ಓವನ್‌ನಲ್ಲಿ 70 ಡಿಗ್ರಿ, ಎರಡು ಗಂಟೆ ಸಾಕು. ಅಷ್ಟು ಹೊತ್ತೂ ಹತ್ತಿರವೇ ಇರಿ.

ಜೋಡಿಸಲು ಅಂಟಿನ ಬದಲು ಸೈಕಲ್ ಸ್ಪೋಕ್ ಬಳಸಿ. ದೊಡ್ಡ ಸೈಕಲ್‌ನದು ಹೆಚ್ಚುಕಡಿಮೆ ಒಂದು ಅಡಿ ಇರುತ್ತದೆ, ದಪ್ಪ ಸುಮಾರು 2 ಮಿ.ಮೀ. ತಳದಲ್ಲೂ ಪ್ರತಿ ಕಡ್ಡಿಯ ನಟ್ಟನಡುವಿನಲ್ಲೂ 2.5 ಮಿ.ಮೀ. ತೂತು ಕೊರೆಯಿರಿ. ತಳದ ಅಡಿಯಲ್ಲಿ ಸಣ್ಣ ಕಚ್ಚು ಮಾಡಿ, ಸ್ಪೋಕನ್ನು ಕೆಳಗಿನಿಂದ ತೂರಿಸಿ, ಅದರ ಬಾಗಿದ ತುದಿಯನ್ನು ಆ ಕಚ್ಚಿನಲ್ಲಿ ಕೂರಿಸಿ. ಮೊದಲ ಕಡ್ಡಿ 18 ಸೆಂ.ಮೀ., ಮೇಲಕ್ಕೆ ಹೋದಂತೆ ಒಂದೂವರೆ ಸೆಂ.ಮೀ. ಕಡಿಮೆ ಮಾಡುತ್ತಾ ಹನ್ನೆರಡು ಕಡ್ಡಿಗಳನ್ನು ಸ್ಪೋಕಿಗೆ ಅಡ್ಡಡ್ಡ ಪೋಣಿಸಿ. ಒಂದೊಂದರ ನಡುವೆ ಒಂದು ಮರದ ಮಣಿ. ಚನ್ನಪಟ್ಟಣದ ಅರಗಿನ ಬಣ್ಣದ ಮಣಿ ಸಿಕ್ಕರೆ ಬೇರೆ ಅಲಂಕಾರವೇ ಬೇಡ. ಸ್ಪೋಕಿನ ಥ್ರೆಡ್ ಇರುವ ತುದಿ ಮಾತ್ರ ಮೇಲೆ ಉಳಿಯುವಂತೆ ದೊಡ್ಡ ಮಣಿ, ಸಣ್ಣ ಮಣಿ ಬದಲಿಸಿ ನೋಡಿ. ಅಲ್ಲಿ ಒಂದು ವಾಷರ್, ಅದರ ಮೇಲೆ ಸ್ಪೋಕಿನದೇ ನಟ್ಟು. ನಕ್ಷತ್ರ ಅದನ್ನು ಮುಚ್ಚುತ್ತದೆ.

ಈ ನಟ್ಟು ನನಗೆ ತುಂಬ ಇಷ್ಟ. ಮರ ಇನ್ನೂ ಸ್ವಲ್ಪ ಕುಗ್ಗಿ ಕಡ್ಡಿ ಸಡಿಲವಾದರೆ ಅರ್ಧ ಸುತ್ತು ಬಿಗಿ ಮಾಡಿದರಾಯಿತು. ಕಡ್ಡಿಗಳನ್ನು ಒಂದೇ ಸಾಲಿಗೆ ನಿಲ್ಲಿಸಿದರೆ ಮೇಜಿನಲ್ಲಿ ಜಾಗ ಉಳಿಯುತ್ತದೆ. ಒಂದೊಂದನ್ನೂ ಸ್ವಲ್ಪ ತಿರುಗಿಸಿದರೆ ಸುರುಳಿ ಮೆಟ್ಟಿಲಿನ ಹಾಗೆ ಕಾಣುತ್ತದೆ.

ತೊಗಟೆ ಕೆರೆಯಬೇಡಿ, ವಾರ್ನಿಷ್ ಬೇಡ. ಕತ್ತರಿಸಿದ ತುದಿಗಳನ್ನು ಮಾತ್ರ ಉಪ್ಪು ಕಾಗದದಿಂದ ಉಜ್ಜಿ. ದೀಪ ಬೇಕಾದರೆ ಬ್ಯಾಟರಿಯ ಎಲ್ಇಡಿ ಸರ ಸಾಕು, ಮೇಣದಬತ್ತಿ ಖಂಡಿತ ಬೇಡ. ಜೋಡಿಸುವ ಮೊದಲು ಕಡ್ಡಿಗಳನ್ನು ಒಂದು ವಾರ ಆಫೀಸಿನಲ್ಲೇ ಸುಮ್ನೆ ಇಟ್ಟಿರಿ. ಕುಗ್ಗುವುದಿದ್ದರೆ ಅಲ್ಲೇ ಕುಗ್ಗಿಬಿಡಲಿ.