ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಆಪರೇಷನ್?

ಪ್ರಶ್ನೆ: ನನಗೀಗ 21 ವಾರ. ಮಗುವಿನ ಬೆನ್ನುಮೂಳೆ ಮುಚ್ಚಿಕೊಂಡಿಲ್ಲ, ಸ್ಪೈನಾ ಬೈಫಿಡಾ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ. ಹೊಟ್ಟೆಯಲ್ಲಿರುವಾಗಲೇ ಆಪರೇಷನ್ ಮಾಡುತ್ತಾರಂತೆ, ನಿಜವೇ ಡಾಕ್ಟರ್?
– ಓದುಗರೊಬ್ಬರು, ಹಾಸನ

ಉತ್ತರ: ನಿಜ ಕಣಮ್ಮಾ. ಮೊದಲು ಒಂದು ಮಾತು, ಇದು ನಿಮ್ಮ ತಪ್ಪಿನಿಂದ ಆದದ್ದಲ್ಲ. ಯಾರು ಏನೇ ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ತೆರೆದುಕೊಂಡ ನರಗಳು ಗರ್ಭದ ನೀರಿನಲ್ಲಿ ದಿನೇ ದಿನೇ ಹಾಳಾಗುತ್ತವೆ. ಅದಕ್ಕೇ ಹೆರಿಗೆವರೆಗೆ ಕಾಯುವುದಿಲ್ಲ. ತಾಯಿಗೆ ಅರಿವಳಿಕೆ ಕೊಟ್ಟು, ಗರ್ಭಕೋಶ ತೆರೆದು, ಮಗುವಿನ ಬೆನ್ನಷ್ಟೇ ಕಾಣುವಂತೆ ಇಟ್ಟುಕೊಂಡು ಪದರ ಪದರವಾಗಿ ಹೊಲಿಯುತ್ತಾರೆ. ಆಮೇಲೆ ಗರ್ಭಕೋಶ ಮುಚ್ಚುತ್ತಾರೆ, ಮಗು ಒಳಗೇ ಬೆಳೆಯುತ್ತದೆ.

2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ನೋಡಿ. ಹುಟ್ಟಿದ ಮೇಲೆ ಆಪರೇಷನ್ ಆದವರಲ್ಲಿ ವರ್ಷದೊಳಗೆ 100ಕ್ಕೆ 82 ಮಕ್ಕಳಿಗೆ, ತಲೆಯಲ್ಲಿ ತುಂಬಿಕೊಳ್ಳುವ ನೀರು ಇಳಿಸುವ ಕೊಳವೆ (ಶಂಟ್) ಬೇಕಾಯಿತು. ಗರ್ಭದಲ್ಲೇ ಆದವರಲ್ಲಿ 40. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರೂ ದುಪ್ಪಟ್ಟು. ಪೂರ್ತಿ ವಾಸಿಯಾಗುತ್ತದೆ ಅಂತ ಮಾತ್ರ ಹೇಳಲಾರೆ.

ನಿಮಗಾಗುವ ತೊಂದರೆಯನ್ನೂ ಕೇಳಿ ತಿಳಿದುಕೊಳ್ಳಿ. ಅವಧಿಗೆ ಮೊದಲೇ ಹೆರಿಗೆ ಆಗುವ ಸಂಭವ ಜಾಸ್ತಿ. ಗರ್ಭಕೋಶದ ಹೊಲಿಗೆ ಬಿಡಬಹುದು, ಹಾಗಾಗಿ ಈ ಹೆರಿಗೆಯೂ ಮುಂದಿನವೂ ಸಿಸೇರಿಯನ್ನೇ.

ಸಾಮಾನ್ಯವಾಗಿ 26 ವಾರದೊಳಗೆ ಮಾಡಬೇಕು. ಸುಮ್ನೆ ದಿನ ಕಳೆಯಬೇಡಿ, ಈ ವಾರವೇ ಫೀಟಲ್ ಮೆಡಿಸಿನ್ (ಗರ್ಭದಲ್ಲಿರುವ ಮಗುವಿನ ಚಿಕಿತ್ಸೆ) ತಜ್ಞರನ್ನು ಕಾಣಿ. ಯಜಮಾನರನ್ನೂ ಜೊತೆಗೆ ಕರೆದೊಯ್ಯಿರಿ.