ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು: ಆಗ ಸರಿಹೋಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 68. ಕೊಲೆಸ್ಟ್ರಾಲಿಗೆ ಉಡುಪಿಯ ಡಾಕ್ಟರು ಕೊಟ್ಟ ಸಿಮ್ವಾಸ್ಟಾಟಿನ್ 20 ಮಿ.ಗ್ರಾಂ ಮಾತ್ರೆಯನ್ನು ವರ್ಷಗಳಿಂದ ರಾತ್ರಿ ತೆಗೆದುಕೊಳ್ಳುತ್ತಾರೆ. ಮೊನ್ನೆ ಗುಡ್ಡೆ ಹತ್ತುವಾಗ ಎದೆ ಹಿಡಿದ ಹಾಗಾಯಿತು. ಮಂಗಳೂರಿನಲ್ಲಿ ತೋರಿಸಿದೆವು, ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಅಂತ ಡಿಲ್ಟಿಯಾಜೆಮ್ ಮಾತ್ರೆ ಶುರು ಮಾಡಿದರು. ಈಗ ಮೂರು ವಾರದಿಂದ ತೊಡೆ, ಮೀನಖಂಡ ನೋವು. ಒಂದನ್ನು ಬೆಳಿಗ್ಗೆ, ಒಂದನ್ನು ರಾತ್ರಿ ಕೊಟ್ಟರೆ ಸಾಕಾ? ಪಕ್ಕದ ಮನೆಯವರು ಕೊಲೆಸ್ಟ್ರಾಲ್ ಮದ್ದೇ ಬಿಡಿಸಿ ಅಂತಾರೆ.
ಓದುಗರು, ಕಾಪು

ಉತ್ತರ: ಹೊತ್ತು ಬದಲಿಸಿ ಪ್ರಯೋಜನ ಇಲ್ಲ. ಸಿಮ್ವಾಸ್ಟಾಟಿನನ್ನು ಒಡೆದು ಹೊರಹಾಕುವುದು ಲಿವರಿನ ಒಂದು ಕಿಣ್ವ, ಡಿಲ್ಟಿಯಾಜೆಮ್ ಆ ಕಿಣ್ವವನ್ನೇ ನಿಧಾನ ಮಾಡುತ್ತದೆ, ಅದೂ ದಿನವಿಡೀ, ಹಾಗಾಗಿ ನಿಮ್ಮ ತಂದೆ ನುಂಗುವುದು 20 ಆದರೂ ಮೈಗೆ ಅದಕ್ಕಿಂತ ಜಾಸ್ತಿ ನುಂಗಿದ ಹಾಗೆ. ಅದರ ಪೆಟ್ಟು ಬೀಳುವುದು ಸ್ನಾಯುಗಳಿಗೆ. ಈ ಜೋಡಿಯಲ್ಲಿ ಸಿಮ್ವಾಸ್ಟಾಟಿನ್ ದಿನಕ್ಕೆ 10 ಮಿ.ಗ್ರಾಂ ದಾಟಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಹೇಳಿದೆ. ಎದೆನೋವಿನ ಬೇರೆ ಮದ್ದುಗಳಾದ ಅಮ್ಲೋಡಿಪಿನ್ ಅಥವಾ ರಾನೊಲಜಿನ್ ಜೊತೆಗಾದರೆ ಮಿತಿ 20.

ಇಬ್ಬರು ಡಾಕ್ಟರು, ಎರಡು ಚೀಟಿ. ಒಬ್ಬರದ್ದು ಇನ್ನೊಬ್ಬರು ನೋಡಿರಲಿಕ್ಕಿಲ್ಲ, ಅಲ್ವಾ?

ಇದನ್ನು ಓದಿದ ದಿನವೇ, ರಾತ್ರಿಯ ಮಾತ್ರೆಗೆ ಮೊದಲು, ಡಾಕ್ಟರಿಗೆ ಫೋನ್ ಮಾಡಿ. ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ನೋಡಲು ಸಿಪಿಕೆ ಅಂತ ಒಂದು ರಕ್ತ ಪರೀಕ್ಷೆ ಮಾಡಿಸಬಹುದು, ಡೋಸ್ ಇಳಿಸಬಹುದು, ಇಲ್ಲವೇ ರೋಸುವಾಸ್ಟಾಟಿನ್ ಎಂಬ ಬೇರೆ ಕೊಲೆಸ್ಟ್ರಾಲ್ ಮಾತ್ರೆಗೆ ಬದಲಿಸಬಹುದು, ಅದಕ್ಕೆ ಆ ಕಿಣ್ವದ ಹಂಗು ಅಷ್ಟಾಗಿ ಇಲ್ಲ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿರುವ ಲಕ್ಷಣ, ಆಗ ಮಾತ್ರ ಫೋನು ಗೀನು ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಎದೆನೋವಿನ ಮದ್ದನ್ನು ನೀವಾಗಿ ನಿಲ್ಲಿಸಬೇಡಿ. ಪಕ್ಕದ ಮನೆಯವರಿಗೆ ಸುಮ್ನೆ ಒಂದು ನಗು ಸಾಕು.

ಕೆಮ್ಮು ಅಂತ ಮೆಡಿಕಲ್‌ನಲ್ಲಿ ಕೇಳಿ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ತರಬೇಡಿ, ಸಿಮ್ವಾಸ್ಟಾಟಿನ್ ಜೊತೆ ಅದು ಕೂಡದೇ ಕೂಡದು. ಗ್ರೇಪ್‌ಫ್ರೂಟ್ ಕೂಡ ಬೇಡ. ಅದರ ನೆಂಟ ಚಕ್ಕೋತವನ್ನೂ ಸದ್ಯ ದೂರ ಇಡಿ.

ಎದೆನೋವು ಬಂದಾಗ ನಾಲಿಗೆ ಅಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಕೊಲೆಸ್ಟ್ರಾಲ್ ಮಾತ್ರೆಗೂ ಜಗಳ ಇಲ್ಲ. ಅದರ ಜಗಳ ವಯಾಗ್ರಾದ ಜೊತೆ. ಕೇಳಲು ನಾಚಿಕೆ ಅಂತ ಬಿಡಬೇಡಿ, ಬಿಪಿ ಕುಸಿದು ಜೀವಕ್ಕೇ ಅಪಾಯ. ಸಾರ್ಬಿಟ್ರೇಟನ್ನು ಕೂತೇ ಇಟ್ಟುಕೊಳ್ಳಲಿ, ಐದು ನಿಮಿಷಕ್ಕೂ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ.

ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಯ್ಯಿರಿ. ಒಬ್ಬರು ಅಜ್ಜಿ ಎಲ್ಲವನ್ನೂ ಬಿಡಿಸಿ ಒಂದೇ ಬಾಟ್ಲಿಗೆ ತುಂಬಿ ತಂದಿದ್ದರು. ಬಿಳಿ ಮಾತ್ರೆಗಳೇ ನಾಲ್ಕು ಬಗೆ, ಯಾವುದು ಯಾವುದಕ್ಕೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.