ಗ್ಲೂಕೋಸ್ ನೀರು ವಾಂತಿ ಆಯ್ತು, ಮತ್ತೆ ಟೆಸ್ಟ್ ಮಾಡಿಸ್ಲೇಬೇಕಾ?

ಪ್ರಶ್ನೆ: ನಮಸ್ತೆ ಮೇಡಂ, ನಂಗೀಗ 26 ವಾರ, ಮೊದಲನೇ ಸಲ. ಹೋದ ವಾರ ಶುಗರ್ ಟೆಸ್ಟ್‌ಗೆ ಖಾಲಿ ಹೊಟ್ಟೇಲಿ ಹೋಗಿದ್ದೆ, ಗ್ಲೂಕೋಸ್ ನೀರು ಕುಡಿದು ಅರ್ಧ ಗಂಟೆ ಆಗಿತ್ತಷ್ಟೇ, ಎಲ್ಲಾ ವಾಂತಿ ಆಗೋಯ್ತು. ಲ್ಯಾಬ್‌ನವ್ರು ಇನ್ನೊಂದಿನ ಬನ್ನಿ ಅಂದ್ರು. ನಾನು ಸಣ್ಣಗೇ ಇದೀನಿ, ನಮ್ಮನೇಲಿ ಯಾರಿಗೂ ಶುಗರ್ ಇಲ್ಲ, ಮೂರನೇ ತಿಂಗಳಲ್ಲಿ ನೋಡಿದಾಗ್ಲೂ ನಾರ್ಮಲ್ ಇತ್ತು. ಬೆಳಿಗ್ಗೆ ಮನೇಲೇ ಮೀಟರ್‌ನಲ್ಲಿ ನೋಡ್ಕೊಂಡ್ರೆ ಸಾಲ್ದಾ?

ಉತ್ತರ: ಸಾಲಲ್ಲಮ್ಮ, ಇನ್ನೊಂದ್ಸಲ ಹೋಗ್ಲೇಬೇಕು. 75 ಗ್ರಾಂ ಗ್ಲೂಕೋಸ್ ಕಲಸಿದ ನೀರನ್ನ ಖಾಲಿ ಹೊಟ್ಟೆಗೆ ಇಳಿಸೋದು ಎಷ್ಟು ಕಷ್ಟ ಅಂತ ಗೊತ್ತು, ಎಷ್ಟೋ ಜನಕ್ಕೆ ಹೀಗೇ ಆಗುತ್ತೆ. ಆದ್ರೆ ಮೂರನೇ ತಿಂಗಳ ರಿಪೋರ್ಟ್ ಈಗ ಲೆಕ್ಕಕ್ಕೆ ಬರಲ್ಲ. ಮಾಸು ಬೆಳೀತಾ ಬೆಳೀತಾ ಅದು ಬಿಡೋ ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸೋ ನಿಮ್ಮ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರ್ತವೆ, ಅದಕ್ಕೇ 24ರಿಂದ 28 ವಾರದೊಳಗೆ ನೋಡೋದು. ಸಣ್ಣಗಿದ್ದವರಿಗೂ, ಮನೇಲಿ ಯಾರಿಗೂ ಇಲ್ದೇ ಇದ್ದವರಿಗೂ ಬಸುರಿಲಿ ಶುಗರ್ ಬರುತ್ತೆ, ಹೆಚ್ಚಿನವರಿಗೆ ಲಕ್ಷಣವೇ ಇರಲ್ಲ.

ಬೆಳಿಗ್ಗೆ ಮೀಟರ್ ತೋರ್ಸೋದು ಖಾಲಿ ಹೊಟ್ಟೆ ಶುಗರ್ ಮಾತ್ರ. ಅದು ಸರಿಯಿದ್ದು, ಗ್ಲೂಕೋಸ್ ಕುಡಿದ ಮೇಲಿನದ್ದು ಜಾಸ್ತಿ ಬರೋರು ಬೇಕಾದಷ್ಟು ಜನ ಇದಾರೆ. ಈ ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಖಾಲಿ ಹೊಟ್ಟೇಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಇದರಲ್ಲಿ ಯಾವುದೋ ಒಂದು ಅಷ್ಟಾದ್ರೂ, ದಾಟಿದ್ರೂ ಗರ್ಭಿಣಿ ಶುಗರ್ ಅಂತಾನೇ ಲೆಕ್ಕ. ಕೆಲವು ಡಾಕ್ಟ್ರು ಮೊದಲು 50 ಗ್ರಾಂ ಕೊಟ್ಟು ನೋಡ್ತಾರೆ, ಅದರ ಲೆಕ್ಕವೇ ಬೇರೆ, ಹಾಗಾಗಿ ಗೆಳತಿ ರಿಪೋರ್ಟ್ ಪಕ್ಕ ಇಟ್ಕೊಂಡು ಹೋಲಿಸ್ಬೇಡಿ.

ಇಷ್ಟೊಂದು ಒತ್ತಾಯ ಯಾಕೆ ಅಂದ್ರೆ, ನಿಮ್ಮ ರಕ್ತದ ಸಕ್ಕರೆ ಮಾಸು ದಾಟಿ ಮಗೂಗೆ ಹೋಗುತ್ತೆ, ನಿಮ್ಮ ಇನ್ಸುಲಿನ್ ಹೋಗಲ್ಲ. ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡ್ಕೊಳ್ಳುತ್ತೆ, ಮೈ ತುಂಬ್ಕೊಂಡು ದಪ್ಪ ಆಗುತ್ತೆ, ಹೆರಿಗೇಲಿ ತಲೆ ಬಂದು ಭುಜ ಸಿಕ್ಕಾಕೊಳ್ಳೋ ಭಯ ಇರುತ್ತೆ. ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ಅಮ್ಮನ ಕಡೆಯ ಸಕ್ಕರೆ ನಿಂತೋಯ್ತು, ಮಗು ಮೈಯಲ್ಲಿ ಇನ್ಸುಲಿನ್ ಮಾತ್ರ ಹಾಗೇ ಇದೆ, ಆಗ ಕಂದನ ಶುಗರ್ ಸರ್ರಂತ ಇಳಿಯುತ್ತೆ, ಆ ಪುಟ್ಟ ಹಿಮ್ಮಡಿಗೆ ಮತ್ತೆ ಮತ್ತೆ ಸೂಜಿ ಚುಚ್ಚಿ ನೋಡ್ಬೇಕಾಗುತ್ತೆ. ಮೊದಲೇ ಗೊತ್ತಾದ್ರೆ ಎಷ್ಟೋ ಜನಕ್ಕೆ ಊಟ ಸರಿಮಾಡ್ಕೊಂಡು, ದಿನಾ ಸ್ವಲ್ಪ ನಡೆದ್ರೇ ಹತೋಟಿಗೆ ಬರುತ್ತೆ.

ಹೋಗೋಕೆ ಮುಂಚೆ ಮೂರು ದಿನ ಎಂದಿನಂತೆ ಊಟ ಮಾಡಿ, ರಿಪೋರ್ಟ್ ಚೆನ್ನಾಗಿ ಬರ್ಲಿ ಅಂತ ಅನ್ನ, ಸಿಹಿ ಬಿಟ್ರೆ ಟೆಸ್ಟೇ ದಾರಿ ತಪ್ಪುತ್ತೆ. ರಾತ್ರಿ ಊಟದ ಮೇಲೆ ಕನಿಷ್ಠ 8 ಗಂಟೆ ಏನೂ ಬೇಡ, ಬರೀ ನೀರು ಕುಡೀಬಹುದು. ತಣ್ಣಗಿನ ನೀರಲ್ಲಿ ಕಲಸಿಕೊಡಿ ಅಂತ ಲ್ಯಾಬ್‌ನವ್ರನ್ನ ಕೇಳಿ, ಗಟಗಟ ಕುಡೀಬೇಡಿ, ಐದು ನಿಮಿಷದಲ್ಲಿ ಗುಟುಕು ಗುಟುಕಾಗಿ ಮುಗಿಸಿ, ಆಮೇಲೆ ಓಡಾಡ್ದೆ ಕೂತಿರಿ. ಜೊತೇಲಿ ಯಾರಾದ್ರೂ ಇರ್ಲಿ, ಕೊನೇ ರಕ್ತ ಕೊಟ್ಟ ಕೂಡ್ಲೇ ತಿನ್ನೋಕೆ ಏನಾದ್ರೂ ಚೀಲದಲ್ಲಿಟ್ಕೊಳ್ಳಿ. ಮತ್ತೆ ವಾಂತಿ ಆದ್ರೆ ಮುಚ್ಚಿಡ್ದೆ ಹೇಳಿ, ಆಗ ಡಾಕ್ಟ್ರು ಮನೇಲೇ ಊಟಕ್ಕೆ ಮುಂಚೆ, ಊಟ ಆದ್ಮೇಲೆ ಅಂತ ಕೆಲವು ದಿನ ಮೀಟರ್‌ನಲ್ಲಿ ನೋಡಿ ಬರೆದಿಡೋಕೆ ಹೇಳ್ಬಹುದು, ನಿಮ್ಮ ಮೀಟರ್ ಕೆಲಸಕ್ಕೆ ಬರೋದು ಆಗ.

ಪ್ರಶ್ನೆ: ಬಸುರಿಲಿ ಶುಗರ್ ಇತ್ತು, ಹೆರಿಗೆ ಆಗಿ 11 ವಾರ, ಮಾತ್ರೆ ನಿಲ್ಲಿಸಿದಾರೆ. ಇನ್ನೂ ಟೆಸ್ಟ್ ಬೇಕಾ ಮೇಡಂ?

ಉತ್ತರ: ಬೇಕು, ಅದೇ 75 ಗ್ರಾಂನದ್ದು. ಹೆರಿಗೆ ಆಗಿ 4ರಿಂದ 12 ವಾರದೊಳಗೆ ಮಾಡಿಸ್ಬೇಕು, ಅಂದ್ರೆ ನೀವು ಈ ವಾರವೇ ಹೊರಡ್ಬೇಕು. ಒಂದ್ಸಲ ಹೀಗೆ ಬಂದವರಿಗೆ ಮುಂದೆ ಶುಗರ್ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ, ಅದಕ್ಕೇ ಈಗ ನಾರ್ಮಲ್ ಬಂದ್ರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸ್ತಾ ಇರಿ. ಎದೆಹಾಲು ಕುಡಿಸ್ತಾ ಇದ್ರೂ ಈ ಟೆಸ್ಟ್‌ಗೆ ತೊಂದ್ರೆ ಇಲ್ಲ, ಮಗೂನ ಜೊತೇಲೇ ಕರ್ಕೊಂಡು ಹೋಗಿ, ಅಲ್ಲೇ ಹಾಲು ಕುಡಿಸಬಹುದು.